ಶಾಲೆಯ ದುಡ್ಡಿನ ಲೆಕ್ಕ ದಿಲ್ಲಿಗೆ ಗೊತ್ತು, ಊರಿಗೆ ಗೊತ್ತಿಲ್ಲ

ನಿಮ್ಮೂರ ಸರ್ಕಾರಿ ಶಾಲೆಗೆ ಹೋದ ವರ್ಷ ಎಷ್ಟು ದುಡ್ಡು ಬಂತು? ಯಾವ ತಿಂಗಳಲ್ಲಿ ಬಂತು? ಯಾವುದಕ್ಕೆ ಖರ್ಚಾಯಿತು? ಎಷ್ಟು ಉಳಿಯಿತು? ಉಳಿದದ್ದು ಎಲ್ಲಿಗೆ ಹೋಯಿತು?

ಈ ಐದು ಪ್ರಶ್ನೆಗೆ ಉತ್ತರ ಗೊತ್ತಿರುವ ಒಬ್ಬ ಪೋಷಕರನ್ನು ನಿಮ್ಮ ಓಣಿಯಲ್ಲಿ ಹುಡುಕಿ ನೋಡಿ. ಸಿಗುವುದು ಕಷ್ಟ. ಜಾತ್ರೆಗೆ ಯಾರು ಎಷ್ಟು ಪಟ್ಟಿ ಕೊಟ್ಟರು ಅಂತ ಕೇಳಿದರೆ ಹತ್ತು ಜನ ಬಾಯಿಪಾಠ ಹೇಳುತ್ತಾರೆ. ತೇರಿನ ಹಗ್ಗಕ್ಕೆ ಎಷ್ಟು, ಹೂವಿಗೆ ಎಷ್ಟು, ಮೈಕಿನವನಿಗೆ ಎಷ್ಟು ಬಾಕಿ, ಎಲ್ಲ ಗೊತ್ತು. ಯಾಕೆಂದರೆ ಜಾತ್ರೆ ಮುಗಿದ ಮೇಲೆ ಗುಡಿ ಕಟ್ಟೆಯಲ್ಲಿ ಕೂತು ಲೆಕ್ಕ ಓದುತ್ತಾರೆ. ಒಂದು ಸಾವಿರ ಹೆಚ್ಚುಕಮ್ಮಿ ಆದರೂ ಅಲ್ಲೇ ಯಾರೋ ಒಬ್ಬರು ಎದ್ದು ನಿಂತು ಕೇಳುತ್ತಾರೆ.

ಶಾಲೆಯ ಲೆಕ್ಕವನ್ನು ಹಾಗೆ ಯಾರೂ ಓದುವುದಿಲ್ಲ. ಅದು ಬಿಇಒ ಕಚೇರಿಗೆ ಗೊತ್ತು, ಬೆಂಗಳೂರಿಗೆ ಗೊತ್ತು, ದಿಲ್ಲಿಯ ಕಂಪ್ಯೂಟರಿಗೂ ಗೊತ್ತು. ಆ ಶಾಲೆಗೆ ಮಕ್ಕಳನ್ನು ಕಳಿಸುವ ಊರಿಗೆ ಮಾತ್ರ ಗೊತ್ತಿಲ್ಲ.

ಹತ್ತು ವರ್ಷದಿಂದ ಶಿಕ್ಷಣ ಇಲಾಖೆಯಲ್ಲಿ ಆನ್‌ಲೈನ್, ಡಿಜಿಟಲ್, ಪೋರ್ಟಲ್, ಆ್ಯಪ್ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ಆಧುನಿಕ ಆಯಿತು ಅಂತ ಹೇಳುತ್ತಾರೆ. ಆಗಿದ್ದು ನಿಜ. ಆದರೆ ಆ ಆಧುನಿಕತೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿದೆ, ಕೆಳಗಿನಿಂದ ಮೇಲಕ್ಕೆ. ಈ ಲೇಖನದ ವಾದ ಇಷ್ಟೇ: ಶಾಲೆಗೆ ಇನ್ನೊಂದು ಆ್ಯಪ್ ಬೇಡ. ಈಗಾಗಲೇ ಮೇಲೆ ಹೋಗಿರುವ ಲೆಕ್ಕ ಊರಿಗೆ ವಾಪಸ್ ಬರಬೇಕು.

ಯಾವ ದುಡ್ಡಿನ ಮಾತು ಇದು?

ಶಿಕ್ಷಕರ ಸಂಬಳ ಬಿಡಿ, ಅದು ಖಜಾನೆಯಿಂದ ನೇರ ಹೋಗುತ್ತದೆ. ಶಾಲೆಯ ಕೈಗೆ ಬರುವ ಹಣದ ಬಗ್ಗೆ ಮಾತಾಡೋಣ.

ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆ 2018ರಲ್ಲಿ ಶುರುವಾಯಿತು. ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನ ಎಲ್ಲ ಅದರೊಳಗೆ ಸೇರಿದವು. ಅದರಲ್ಲಿ ಪ್ರತಿ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನ ಅಂತ ಬರುತ್ತದೆ. ಎಷ್ಟು ಅನ್ನುವುದು ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. ಈಗಿನ ಮಾರ್ಗಸೂಚಿ ಹೀಗಿದೆ:

30 ಮಕ್ಕಳವರೆಗೆ ₹10,000.
31ರಿಂದ 100 ಮಕ್ಕಳವರೆಗೆ ₹25,000.
101ರಿಂದ 250ರವರೆಗೆ ₹50,000.
251ರಿಂದ 1,000ದವರೆಗೆ ₹75,000.
ಅದಕ್ಕಿಂತ ಹೆಚ್ಚಿದ್ದರೆ ₹1 ಲಕ್ಷ.

ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. ಇದಲ್ಲದೆ ಕ್ರೀಡಾ ಸಾಮಗ್ರಿಗೆ ಕಿರಿಯ ಪ್ರಾಥಮಿಕ ಶಾಲೆಗೆ ₹5,000, ಹಿರಿಯ ಪ್ರಾಥಮಿಕಕ್ಕೆ ₹10,000, ಪ್ರೌಢಶಾಲೆಗೆ ₹25,000ದವರೆಗೆ ಕೊಡಬಹುದು. ಗ್ರಂಥಾಲಯಕ್ಕೆ ಬೇರೆ. ಬಿಸಿಯೂಟಕ್ಕೆ ಬೇರೆ. ಹಾಲು, ಮೊಟ್ಟೆಗೆ ಬೇರೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. 62 ಮಕ್ಕಳ ಒಂದು ಶಾಲೆ ಅಂದುಕೊಳ್ಳಿ. ವರ್ಷಕ್ಕೆ ₹25,000 ಅಂದರೆ ತಿಂಗಳಿಗೆ ₹2,083. ಚಾಕ್‌ಪೀಸ್, ರಿಜಿಸ್ಟರ್, ಫಿನಾಯಿಲ್, ಪೊರಕೆ, ನಲ್ಲಿ ರಿಪೇರಿ, ಒಡೆದ ಹೆಂಚು, ಎಲ್ಲ ಅದರಲ್ಲೇ ಆಗಬೇಕು. ಇನ್ನೊಂದು ವಿಷಯ ಗಮನಿಸಿ. 31 ಮಕ್ಕಳಿರುವ ಶಾಲೆಯಿಂದ ಒಂದು ಮಗು ಟಿಸಿ ತೆಗೆದುಕೊಂಡು ಕಾನ್ವೆಂಟಿಗೆ ಹೋದರೆ ಅನುದಾನದ ಲೆಕ್ಕ ₹25,000ದಿಂದ ₹10,000ಕ್ಕೆ ಇಳಿಯುತ್ತದೆ. ಒಂದು ಮಗು, ₹15,000. ಇದು ಊರಿಗೆ ಗೊತ್ತಿದ್ದರೆ ಜೂನ್ ತಿಂಗಳಲ್ಲಿ ಆ ಮನೆ ಬಾಗಿಲಿಗೆ ನಾಲ್ಕು ಜನ ಹೋಗಿ ಮಾತಾಡುತ್ತಿದ್ದರೋ ಏನೋ.

ಮಾರ್ಗಸೂಚಿಯಲ್ಲಿ ಇಷ್ಟಿದೆ ಅಂತ ನಾನು ಬರೆಯಬಹುದು. ನಿಮ್ಮ ಶಾಲೆಗೆ ಅಷ್ಟೂ ಬಂತೇ, ಅರ್ಧ ಬಂತೇ, ಎರಡು ಕಂತಿನಲ್ಲಿ ಬಂತೇ ಅನ್ನುವುದು ನಿಮಗೆ ಗೊತ್ತಾಗುವ ದಾರಿ ಇಲ್ಲ. ತಕರಾರು ಇರುವುದು ಇಲ್ಲಿ.

ಒಂದೇ ಅಂಕಿ, ಆರು ಕಡೆ

ದುಡ್ಡಿನ ಲೆಕ್ಕ ಬರೆಯುವುದರಲ್ಲಿ ನಮ್ಮ ಮುಖ್ಯ ಶಿಕ್ಷಕರು ಹಿಂದೆ ಬಿದ್ದಿಲ್ಲ. ಬರೆದು ಬರೆದು ಸುಸ್ತಾಗಿದ್ದಾರೆ.

ಹತ್ತು ಬಕೆಟ್ ತಂದರು ಅನ್ನಿ. ಅಂಗಡಿಯ ಬಿಲ್ಲು ವೋಚರ್‌ಗೆ ಅಂಟಬೇಕು. ನಗದು ಪುಸ್ತಕದಲ್ಲಿ ಬರೆಯಬೇಕು. ಎಸ್‌ಡಿಎಂಸಿ ನಡಾವಳಿಯಲ್ಲಿ ಬರಬೇಕು. ಪಿಎಫ್‌ಎಂಎಸ್ ಅನ್ನುವ ಕೇಂದ್ರದ ಹಣಕಾಸು ವ್ಯವಸ್ಥೆಯಲ್ಲಿ ಏರಿಸಬೇಕು. ವರ್ಷದ ಕೊನೆಗೆ ಬಳಕೆ ಪ್ರಮಾಣ ಪತ್ರದಲ್ಲಿ ಸೇರಬೇಕು. ಮುಂದಿನ ವರ್ಷ ಯುಡೈಸ್ ಪ್ಲಸ್ ನಮೂನೆ ತುಂಬುವಾಗ ಹಿಂದಿನ ವರ್ಷದ ಅನುದಾನ ಎಷ್ಟು, ಖರ್ಚು ಎಷ್ಟು ಅಂತ ಮತ್ತೆ ಅದೇ ಅಂಕಿ ಕೂಡಿಸಿ ತುಂಬಬೇಕು.

ಒಂದೇ ಬಕೆಟ್ಟಿನ ಲೆಕ್ಕ ಆರು ಕಡೆ. ಇದರ ಜೊತೆ ಮಕ್ಕಳ ಎಸ್‌ಎಟಿಎಸ್ ನಮೂದು ಬೇರೆ, ಬಿಸಿಯೂಟದ ದಿನದ ಹಾಜರಾತಿ ಬೇರೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಕಂಪ್ಯೂಟರ್ ಸೆಂಟರಿಗೆ ಹೋದರೆ ಐದು ತರಗತಿ ಒಬ್ಬರ ತಲೆ ಮೇಲೆ. ಅನೇಕ ಶಾಲೆಗಳಲ್ಲಿ ಈ ಕೆಲಸ ನಡೆಯುವುದು ಶಿಕ್ಷಕರ ಸ್ವಂತ ಮೊಬೈಲಿನಲ್ಲಿ, ಸ್ವಂತ ಡೇಟಾದಲ್ಲಿ, ರಾತ್ರಿ ಸರ್ವರ್ ಸ್ವಲ್ಪ ಹಗುರಾದ ಮೇಲೆ.

ಇಷ್ಟು ಬರೆದ ಮೇಲೂ ಒಬ್ಬ ತಾಯಿ ಶಾಲೆಗೆ ಬಂದು "ಸರ್, ಈ ವರ್ಷ ಎಷ್ಟು ಬಂದೈತ್ರಿ?" ಅಂತ ಕೇಳಿದರೆ ತೋರಿಸಲು ಒಂದು ಹಾಳೆ ಇಲ್ಲ. ಆರು ಕಡೆ ಬರೆದರೂ ಅವರಿಗಾಗಿ ಒಂದು ಕಡೆಯೂ ಬರೆದಿಲ್ಲ.

ಪಾಸ್‌ಬುಕ್ ಕೈತಪ್ಪಿತು

ಹಿಂದೆ ಅನುದಾನ ಶಾಲೆಯ ಬ್ಯಾಂಕ್ ಖಾತೆಗೆ ಬಂದು ಬೀಳುತ್ತಿತ್ತು. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆ. ಓದು ಬರದ ಅಧ್ಯಕ್ಷರೂ ಪಾಸ್‌ಬುಕ್ ಹಿಡಿದು ಮಗನ ಹತ್ತಿರ ಓದಿಸಬಹುದಿತ್ತು. ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದರೆ ಬಂದದ್ದು, ಹೋದದ್ದು, ಉಳಿದದ್ದು ಮೂರೂ ಕಾಣುತ್ತಿತ್ತು.

2021ರ ಜುಲೈನಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಹರಿಯುವ ದಾರಿ ಬದಲಾಯಿತು. ಪ್ರತಿ ಯೋಜನೆಗೆ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ. ಕೆಳಗಿನವರಿಗೆಲ್ಲ ಶೂನ್ಯ ಶಿಲ್ಕಿನ ಖಾತೆ. ಹಣ ಮೇಲೆಯೇ ಇರುತ್ತದೆ, ಶಾಲೆಗೆ ಸಿಗುವುದು ಇಷ್ಟು ಖರ್ಚು ಮಾಡಬಹುದು ಅನ್ನುವ ಮಿತಿ. ಬಿಲ್ಲು ಏರಿಸಿದಾಗ ಅಷ್ಟು ಹಣ ಅಂಗಡಿಯವರ ಖಾತೆಗೆ ಹೋಗುತ್ತದೆ.

ಇದರಲ್ಲಿ ಒಳ್ಳೆಯದು ಇಲ್ಲ ಅಂತ ಹೇಳುವುದಿಲ್ಲ. ಹಿಂದೆ ಸಾವಿರಾರು ಖಾತೆಗಳಲ್ಲಿ ಹಣ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತಿತ್ತು. ಚೆಕ್ ಬರೆದು ನಗದು ತೆಗೆದು ಆಮೇಲೆ ಬಿಲ್ಲು ಹೊಂದಿಸುವ ಆಟವೂ ಇತ್ತು. ಅದಕ್ಕೆ ಕಡಿವಾಣ ಬಿದ್ದಿದೆ.

ಆದರೆ ಊರಿನ ಕಡೆಯಿಂದ ನೋಡಿ. ಪಾಸ್‌ಬುಕ್ಕಿನಲ್ಲಿ ಶಿಲ್ಕು ಸೊನ್ನೆ. ಮಿತಿ ಎಷ್ಟು ಅನ್ನುವುದು ಲಾಗಿನ್ ಒಳಗೆ. ಲಾಗಿನ್ ಇರುವುದು ಶಾಲೆ ಮತ್ತು ಕಚೇರಿಯ ಹತ್ತಿರ. ಅಧ್ಯಕ್ಷರ ಕೈಗೆ ಬರುವುದು ಸಹಿ ಹಾಕಬೇಕಾದ ಪಾವತಿ ಹಾಳೆ ಮಾತ್ರ, ಅದೂ ಇಂಗ್ಲಿಷಿನಲ್ಲಿ. ಮೊದಲು ಮಂಕಾಗಿಯಾದರೂ ಕಾಣುತ್ತಿದ್ದ ಕಿಟಕಿ ಈಗ ಮುಚ್ಚಿದೆ. ದಿಲ್ಲಿಗೆ ಪಾರದರ್ಶಕತೆ ಹೆಚ್ಚಿದ ವರ್ಷವೇ ಹಳ್ಳಿಗೆ ಅದು ಕಡಿಮೆಯಾಯಿತು.

ಇನ್ನೊಂದು ಸಂಕಟ ಮಾರ್ಚ್ ತಿಂಗಳದು. ವರ್ಷದ ಕೊನೆಯಲ್ಲಿ ಮಿತಿ ಬಿಡುಗಡೆಯಾದರೆ ಖರ್ಚು ಮಾಡಲು ಕೆಲವೇ ವಾರ. ಬಳಸದಿದ್ದರೆ ಕೈತಪ್ಪುತ್ತದೆ. ಆಗ ಬೇಕಾದದ್ದನ್ನು ಬಿಟ್ಟು ಬೇಗ ಆಗುವುದಕ್ಕೆ ದುಡ್ಡು ಹೋಗುತ್ತದೆ. ಶಾಲಾ ಅನುದಾನದ ಜಾಡು ಹಿಡಿದು ದೇಶದ ಉದ್ದಗಲ ನಡೆದ 'ಪೈಸಾ' ಸಮೀಕ್ಷೆಗಳು ಹತ್ತು ವರ್ಷಕ್ಕೂ ಹಿಂದೆಯೇ ಇದನ್ನು ತೋರಿಸಿದ್ದವು: ಹಣ ತಡವಾಗಿ ಬರುತ್ತದೆ, ಶಾಲೆಗಳು ಹೆಚ್ಚಾಗಿ ಸುಣ್ಣಬಣ್ಣಕ್ಕೆ ಖರ್ಚು ಮಾಡುತ್ತವೆ. ಶೌಚಾಲಯದಲ್ಲಿ ನೀರಿಲ್ಲದ ಶಾಲೆಯ ಗೋಡೆ ಮಾತ್ರ ಫಳಫಳ ಹೊಳೆಯುವುದನ್ನು ನೀವೂ ನೋಡಿರುತ್ತೀರಿ. ಅದಕ್ಕೆ ಮುಖ್ಯ ಶಿಕ್ಷಕರನ್ನು ಬೈಯುವ ಮೊದಲು ಹಣ ಬಿಡುಗಡೆಯಾದ ತಾರೀಖು ನೋಡಬೇಕು. ಆ ತಾರೀಖು ನಮಗೆ ಎಲ್ಲೂ ಕಾಣುವುದಿಲ್ಲ.

ಡೇರಿ ಕಲಿಸಿದ ಪಾಠ

ಹಳ್ಳಿಯವರಿಗೆ ಇಂಥ ಲೆಕ್ಕ ಅರ್ಥವಾಗುವುದಿಲ್ಲ ಅಂತ ಹೇಳುವ ಅಧಿಕಾರಿಗಳು ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಹಾಲಿನ ಡೇರಿಗೆ ಬರಬೇಕು.

ಹಿಂದೆ ಡೇರಿಯಲ್ಲಿ ಕಾರ್ಯದರ್ಶಿ ಅಳೆದು ಪುಸ್ತಕದಲ್ಲಿ ಬರೆದದ್ದೇ ಲೆಕ್ಕ. ಈಗ ಎಷ್ಟೋ ಕಡೆ ಯಂತ್ರ ಬಂದಿದೆ. ಹಾಲು ಸುರಿದ ಕೂಡಲೇ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು, ಒಟ್ಟು ಎಷ್ಟು ಅಂತ ಚೀಟಿ ಬರುತ್ತದೆ. ಅದೇ ಅಂಕಿ ಒಕ್ಕೂಟಕ್ಕೂ ಹೋಗುತ್ತದೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ಫ್ಯಾಟ್ 4.1 ಇದ್ದದ್ದು 3.6ಕ್ಕೆ ಯಾಕೆ ಇಳಿಯಿತು ಅಂತ ಜಗಳ ಮಾಡುತ್ತಾಳೆ.

ಡೇರಿಯಲ್ಲಿ ಆದದ್ದೂ ಆಧುನೀಕರಣವೇ. ಶಾಲೆಯಲ್ಲಿ ಆದದ್ದೂ ಆಧುನೀಕರಣವೇ. ಡೇರಿಯಲ್ಲಿ ಅಂಕಿ ಹುಟ್ಟಿದ ಗಳಿಗೆಯಲ್ಲೇ ಅದರ ಒಂದು ಪ್ರತಿ ಹಾಲು ಕೊಟ್ಟವರ ಕೈಗೆ ಬಂತು. ಶಾಲೆಯಲ್ಲಿ ಎಲ್ಲ ಪ್ರತಿಗಳೂ ಮೇಲಕ್ಕೆ ಹೋದವು. ಶಾಲೆಗೆ ಬೇಕಾದದ್ದು ಆ ಒಂದು ಚೀಟಿ.

ಕಾನೂನು ಆಗಲೇ ಹೇಳಿದೆ

ಹೊಸ ಕಾನೂನು ಬೇಡ. ಇರುವ ಕಾನೂನು ಓದಿದರೆ ಸಾಕು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಸರ್ಕಾರದಿಂದ ಬಂದ ಅನುದಾನ ಹೇಗೆ ಬಳಕೆಯಾಗುತ್ತಿದೆ ಅಂತ ನೋಡಿಕೊಳ್ಳುವುದು ಆ ಸಮಿತಿಯ ಕೆಲಸ ಅಂತ ಅದೇ ಸೆಕ್ಷನ್ ಹೇಳುತ್ತದೆ. 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕಾದದ್ದೂ ಅದೇ ಸಮಿತಿ. ಕರ್ನಾಟಕ ಇದರಲ್ಲಿ ಹಿಂದಿರಲಿಲ್ಲ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲೇ ಎಸ್‌ಡಿಎಂಸಿಗಳು ಇಲ್ಲಿ ಹುಟ್ಟಿದ್ದವು. ಹಣ ನೋಡಿಕೊಳ್ಳಿ ಅಂತ ಪೋಷಕರಿಗೆ ಹೇಳಿ, ಹಣ ಎಷ್ಟು ಅಂತ ತಿಳಿಸದಿದ್ದರೆ ಅವರು ಏನು ನೋಡಬೇಕು?

ಇನ್ನು 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿ ಹಾಕಿದರೆ ಕೊಡುವ ಮಾತು ಆಮೇಲೆ. ಅದರ 4ನೇ ಸೆಕ್ಷನ್, ಯಾರೂ ಕೇಳದೆಯೇ ಸರ್ಕಾರಿ ಸಂಸ್ಥೆಗಳು ತಮ್ಮ ಬಜೆಟ್, ಯೋಜನೆ, ಹಂಚಿಕೆಯಾದ ಹಣದ ವಿವರ ಪ್ರಕಟಿಸಬೇಕು ಅನ್ನುತ್ತದೆ. ಹೇಗೆ ಪ್ರಕಟಿಸಬೇಕು ಅಂತಲೂ ಹೇಳುತ್ತದೆ: ಸ್ಥಳೀಯ ಭಾಷೆಯಲ್ಲಿ, ಆ ಜಾಗಕ್ಕೆ ಒಪ್ಪುವ ವಿಧಾನದಲ್ಲಿ. ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಇಂಟರ್ನೆಟ್ ಎಲ್ಲವನ್ನೂ ಹೆಸರು ಹಿಡಿದು ಬರೆದಿದೆ. ಅಂದರೆ ಶಾಲೆಯ ಗೋಡೆ ಮೇಲೆ ಕನ್ನಡದಲ್ಲಿ ಲೆಕ್ಕ ಬರೆಯುವುದು ಯಾರದೋ ದೊಡ್ಡ ಮನಸ್ಸಿನ ಮಾತಲ್ಲ. ಆಗಲೇಬೇಕಾದ ಕೆಲಸ.

ಬಿಸಿಯೂಟ ಯೋಜನೆಗೆ ಸಾಮಾಜಿಕ ಪರಿಶೋಧನೆ ಕಡ್ಡಾಯ ಅಂತಲೂ ನಿಯಮ ಇದೆ. ನಿಮ್ಮೂರಲ್ಲಿ ಅದು ನಡೆದದ್ದು ನೆನಪಿದೆಯೇ? ಯೋಚಿಸಿ.

ಹಾಗಾದರೆ ಯುಡೈಸ್ ಪ್ಲಸ್ ಅಂತರ್ಜಾಲ ತಾಣದಲ್ಲಿ ಏನೂ ಕಾಣುವುದಿಲ್ಲವೇ? ಕಾಣುತ್ತದೆ. ಪ್ರತಿ ಶಾಲೆಗೂ 11 ಅಂಕಿಯ ಒಂದು ಸಂಖ್ಯೆ ಇದೆ, ನಮ್ಮ ರಾಜ್ಯದ್ದು 29ರಿಂದ ಶುರು. ಅದನ್ನು ಹಾಕಿದರೆ ಶಾಲೆಯ ವರದಿ ಪತ್ರ ಸಿಗುತ್ತದೆ. ಅದರಲ್ಲಿ ಅನುದಾನ ಬಂದದ್ದು ಇಷ್ಟು, ಖರ್ಚಾದದ್ದು ಇಷ್ಟು ಅಂತ ಒಟ್ಟು ಮೊತ್ತ. ಇಂಗ್ಲಿಷಿನಲ್ಲಿ. ಮುಗಿದುಹೋದ ವರ್ಷದ್ದು. ಯಾವಾಗ ಬಂತು, ಯಾವ ಬಾಬಿಗೆ, ಯಾರಿಗೆ ಪಾವತಿ ಅನ್ನುವುದು ಇಲ್ಲ. ಊಟ ಮುಗಿದು ಎಲೆ ತೆಗೆದ ಮೇಲೆ ಬಡಿಸಿದ ಪಟ್ಟಿ ಕೊಟ್ಟ ಹಾಗೆ.

ಬೇರೆ ಕಡೆ ಏನಾಯಿತು

ಆಫ್ರಿಕಾದ ಉಗಾಂಡಾ ದೇಶದ ಕಥೆ ಈ ವಿಷಯದಲ್ಲಿ ಎಲ್ಲರೂ ಓದಬೇಕಾದದ್ದು. ಅಲ್ಲಿಯೂ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಸಂಖ್ಯೆ ಲೆಕ್ಕದಲ್ಲಿ ಅನುದಾನ ಕೊಡುತ್ತಿತ್ತು. 1991ರಿಂದ 1995ರ ನಡುವೆ ನಿಜವಾಗಿ ಶಾಲೆ ತಲುಪಿದ್ದು ಎಷ್ಟು ಅಂತ ರಿತ್ವಾ ರೈನಿಕ್ಕಾ ಮತ್ತು ಯಾಕೊಬ್ ಸ್ವೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಶಾಲೆ ಶಾಲೆಗೆ ಹೋಗಿ ಹುಡುಕಿದರು. ಸರಾಸರಿ ಸಿಕ್ಕಿದ್ದು ಶೇ 13. ಉಳಿದದ್ದು ದಾರಿಯಲ್ಲಿ, ಜಿಲ್ಲಾ ಕಚೇರಿಗಳಲ್ಲಿ ಕರಗಿತ್ತು.

ಆ ಸರ್ಕಾರ ಮಾಡಿದ್ದು ಬಹಳ ಸರಳ ಕೆಲಸ. ಪ್ರತಿ ತಿಂಗಳು ಯಾವ ಜಿಲ್ಲೆಗೆ ಎಷ್ಟು ಹಣ ಬಿಟ್ಟೆವು ಅಂತ ಪತ್ರಿಕೆಗಳಲ್ಲಿ, ಸ್ಥಳೀಯ ಭಾಷೆಯ ಪತ್ರಿಕೆಗಳಲ್ಲೂ, ಹಾಕಿಸಿತು. ಶಾಲೆಯಲ್ಲಿ ಬಂದ ಹಣದ ನೋಟಿಸ್ ಅಂಟಿಸಲು ಹೇಳಿತು. 2001ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಹಣ ಶಾಲೆ ಮುಟ್ಟುತ್ತಿತ್ತು. ಪತ್ರಿಕೆಯ ಪ್ರಕಟಣೆ ಒಂದರಿಂದಲೇ ಇಷ್ಟಾಯಿತು ಅನ್ನುವುದನ್ನು ಒಪ್ಪದವರಿದ್ದಾರೆ. ಅದೇ ಕಾಲದಲ್ಲಿ ಬೇರೆ ಸುಧಾರಣೆಗಳೂ ಆಗಿದ್ದವು ಅನ್ನುವುದು ಅವರ ವಾದ. ಇರಲಿ. ಎಷ್ಟು ಬರಬೇಕಿತ್ತು ಅಂತ ಗೊತ್ತಾಗದೆ ಎಷ್ಟು ಬರಲಿಲ್ಲ ಅಂತ ಕೇಳಲು ಸಾಧ್ಯವೇ ಇಲ್ಲ ಅನ್ನುವುದನ್ನು ಅವರೂ ಅಲ್ಲಗಳೆಯಲಾರರು.

ಇತ್ತ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಅನ್ನುವ ಊರಲ್ಲಿ ಜನಸುನವಾಯಿ ನಡೆಸಿದರು. ಪಂಚಾಯಿತಿ ಕಾಮಗಾರಿಯ ಬಿಲ್ಲು, ಮಸ್ಟರ್ ರೋಲುಗಳನ್ನು ಊರಿನ ಮುಂದೆ ಗಟ್ಟಿಯಾಗಿ ಓದಿದರು. ಅಷ್ಟೇ. ಹನ್ನೊಂದು ವರ್ಷದ ನಂತರ ಅದೇ ಹೋರಾಟ ದೇಶಕ್ಕೆ ಮಾಹಿತಿ ಹಕ್ಕು ತಂದಿತು. ಉದ್ಯೋಗ ಖಾತ್ರಿಯಲ್ಲಿ ಯಾರ ಜಾಬ್ ಕಾರ್ಡಿಗೆ ಎಷ್ಟು ದಿನ, ಎಷ್ಟು ಕೂಲಿ ಅಂತ ಊರವಾರು ಮೊಬೈಲಿನಲ್ಲಿ ನೋಡುವ ಅಭ್ಯಾಸ ನಮ್ಮ ಜನಕ್ಕೆ ಬಂದದ್ದು ಹಾಗೆ. ನಮ್ಮ ರಾಜ್ಯದಲ್ಲಿ 'ಮಾಹಿತಿ ಕಣಜ' ಅನ್ನುವ ತಾಣವೂ ಇದೆ, ಅರ್ಜಿ ಇಲ್ಲದೆ ಮಾಹಿತಿ ಕೊಡಲಿಕ್ಕೆ ಅಂತಲೇ ಮಾಡಿದ್ದು. ಕೂಲಿ ಲೆಕ್ಕವನ್ನು ಊರವಾರು ತೋರಿಸಲು ಬರುವ ಸರ್ಕಾರಕ್ಕೆ ಶಾಲೆಯ ಲೆಕ್ಕ ತೋರಿಸಲು ಬರುವುದಿಲ್ಲವೇ?

ಅವರು ಹೇಳುವ ಆಕ್ಷೇಪಗಳು

ಇದನ್ನು ಕೇಳಿದಾಗಲೆಲ್ಲ ನಾಲ್ಕು ಉತ್ತರ ಬರುತ್ತವೆ.

ಮೊದಲನೆಯದು, ಮುಖ್ಯ ಶಿಕ್ಷಕರ ಮೇಲೆ ಹೊರೆ ಹೆಚ್ಚುತ್ತದೆ. ನಾನು ಕೇಳುತ್ತಿರುವುದು ಹೊರೆ ಇಳಿಸುವುದನ್ನು. ಪಿಎಫ್‌ಎಂಎಸ್‌ನಲ್ಲಿ ಒಮ್ಮೆ ಏರಿದ ಪಾವತಿ ತಾನಾಗಿಯೇ ಯುಡೈಸ್‌ಗೆ, ಬಳಕೆ ಪ್ರಮಾಣ ಪತ್ರಕ್ಕೆ, ಊರಿನ ಹಾಳೆಗೆ ಹೋಗಬೇಕು. ಎರಡು ಕಂಪ್ಯೂಟರ್ ಪರಸ್ಪರ ಮಾತಾಡುವ ಕೆಲಸವನ್ನು ಶಿಕ್ಷಕರ ಬೆರಳಿನಿಂದ ಮಾಡಿಸುವುದು ನಿಲ್ಲಬೇಕು.

ಎರಡನೆಯದು, ಊರ ರಾಜಕೀಯ ಶಾಲೆಗೆ ಬರುತ್ತದೆ, ಯಾರ್ಯಾರೋ ಬಂದು ಹೆದರಿಸುತ್ತಾರೆ. ಈ ಭಯ ಸುಳ್ಳಲ್ಲ. ಮಾಹಿತಿ ಹಕ್ಕಿನ ಹೆಸರಿನಲ್ಲಿ, ಪತ್ರಿಕೆಯ ಗುರುತಿನ ಚೀಟಿ ತೋರಿಸಿ ಶಿಕ್ಷಕರಿಂದ ಐನೂರು ಸಾವಿರ ಕೀಳುವವರು ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ. ಆದರೆ ಅವರ ವ್ಯಾಪಾರ ನಡೆಯುವುದೇ ಲೆಕ್ಕ ಮುಚ್ಚಿರುವುದರಿಂದ. ಗೋಡೆ ಮೇಲೆ ಬರೆದದ್ದನ್ನು ಹೊರಗೆ ಹಾಕುತ್ತೇನೆ ಅಂತ ಯಾರು ಹೆದರಿಸುತ್ತಾರೆ? ಎಲ್ಲರಿಗೂ ಗೊತ್ತಿರುವುದಕ್ಕೆ ಬೆಲೆ ಇಲ್ಲ.

ತೆರೆದ ಲೆಕ್ಕ ಪ್ರಾಮಾಣಿಕ ಶಿಕ್ಷಕರಿಗೆ ರಕ್ಷಣೆ. ಮೊಟ್ಟೆಯ ವಿಷಯ ನೆನಪಿಸಿಕೊಳ್ಳಿ. ಸರ್ಕಾರ ಒಂದು ಮೊಟ್ಟೆಗೆ ₹6 ಇಟ್ಟಿದ್ದಾಗ ಪೇಟೆಯಲ್ಲಿ ದರ ಅದನ್ನು ದಾಟಿತು. ವ್ಯತ್ಯಾಸವನ್ನು ಕೈಯಿಂದ ಹಾಕುತ್ತಿದ್ದೇವೆ ಅಂತ ಮುಖ್ಯ ಶಿಕ್ಷಕರು ಹೇಳಿದರು. ಊರಲ್ಲಿ ಮಾತ್ರ "ಮೊಟ್ಟೆ ದುಡ್ಡು ಮೇಷ್ಟ್ರು ತಿಂದ್ರು" ಅನ್ನುವ ಮಾತು. ಬಂದದ್ದು ಇಷ್ಟು, ಅಂಗಡಿ ದರ ಇಷ್ಟು ಅಂತ ಗೋಡೆ ಮೇಲೆ ಇದ್ದಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಮೂರನೆಯದು, ಜನಕ್ಕೆ ಅರ್ಥವಾಗುವುದಿಲ್ಲ. ಡೇರಿಯ ಅಜ್ಜಿ ಇದಕ್ಕೆ ಉತ್ತರ ಕೊಟ್ಟಾಗಿದೆ.

ನಾಲ್ಕನೆಯದು, ಮಕ್ಕಳ ಗೌಪ್ಯತೆ. ಇದು ಸರಿಯಾದ ಕಾಳಜಿ. ಯಾವ ಮಗುವಿನ ಹೆಸರು, ಆಧಾರ್, ಜಾತಿ, ವಿದ್ಯಾರ್ಥಿವೇತನದ ವಿವರವೂ ಹೊರಗೆ ಬರಬಾರದು. 2022–23ರಿಂದ ಯುಡೈಸ್ ಪ್ಲಸ್ ಪ್ರತಿ ಮಗುವಿನ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕೇಳುತ್ತಿದೆ. ಸೋಜಿಗ ನೋಡಿ. ಬಡವರ ಮಗುವಿನ ಎಲ್ಲ ವಿವರ ಸರ್ಕಾರಕ್ಕೆ ಬೇಕು, ಸರ್ಕಾರದ ಖರ್ಚಿನ ವಿವರ ಮಾತ್ರ ಬಡವರಿಗೆ ಬೇಡ. ಮಗುವಿನ ಮಾಹಿತಿಗೆ ಬೀಗ ಇರಲಿ, ದುಡ್ಡಿನ ಮಾಹಿತಿಗೆ ಬೇಡ.

ಕಣ್ಣಿಗೆ ಬೀಳದ ದೊಡ್ಡ ದುಡ್ಡು

ಇದುವರೆಗೆ ಹೇಳಿದ್ದು ಸಣ್ಣ ಹಣ. ದೊಡ್ಡದು ಕಟ್ಟಡದ್ದು. ಕೊಠಡಿ, ಶೌಚಾಲಯ, ಕಾಂಪೌಂಡು. ಹಣ ಜಿಲ್ಲಾ ಪಂಚಾಯಿತಿಯದ್ದಿರಬಹುದು, ಶಾಸಕರ ನಿಧಿಯದ್ದಿರಬಹುದು, ಕಲ್ಯಾಣ ಕರ್ನಾಟಕದಲ್ಲಿ ಕೆಕೆಆರ್‌ಡಿಬಿಯದ್ದಿರಬಹುದು. ಕೆಲಸ ಮಾಡುವವರು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರೋ, ನಿರ್ಮಿತಿ ಕೇಂದ್ರದವರೋ, ಕೆಆರ್‌ಐಡಿಎಲ್‌ನವರೋ. ಶಾಲೆಯ ಅಂಗಳದಲ್ಲಿ ಕೊಠಡಿ ಏಳುತ್ತಿದ್ದರೂ ಅದರ ಅಂದಾಜು ಎಷ್ಟು ಅಂತ ಅಲ್ಲಿನ ಮುಖ್ಯ ಶಿಕ್ಷಕರಿಗೇ ತಿಳಿದಿರುವುದಿಲ್ಲ. ಎರಡೇ ಮಳೆಗಾಲಕ್ಕೆ ಸೋರಿದಾಗ ರಿಪೇರಿ ಮಾಡಿಸಬೇಕಾದದ್ದು ಮಾತ್ರ ಅದೇ ₹25,000ದಲ್ಲಿ.

ದಾನಿಗಳ ಹಣವೂ ಇದೆ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ₹100 ದೇಣಿಗೆ ಪಡೆಯಬಹುದು ಅಂತ ಇಲಾಖೆ ಸುತ್ತೋಲೆ ಹೊರಡಿಸಿ, ಜನ ಬೈದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಸರ್ಕಾರಿ ಶಾಲೆಯಲ್ಲಿ ದುಡ್ಡು ಕೇಳಬಾರದು ಅನ್ನುವ ಸಿಟ್ಟು ಸರಿಯೇ. ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳಬೇಕಿತ್ತು: ಸರ್ಕಾರವೇ ಕೊಟ್ಟ ಹಣದ ಲೆಕ್ಕ ತೋರಿಸದೆ ನಮ್ಮಿಂದ ಹಣ ಕೇಳುವುದು ಹೇಗೆ?

ನಮ್ಮ ಪತ್ರಿಕೆಗಳಲ್ಲಿ ಶಾಲೆಯ ಸುದ್ದಿ ಎರಡೇ ಥರ ಬರುತ್ತದೆ. ಒಂದು, ಸೂರು ಸೋರುತ್ತಿದೆ. ಇನ್ನೊಂದು, ದಾನಿಗಳು ಬಣ್ಣ ಹೊಡೆಸಿದರು. ಈ ಎರಡರ ನಡುವೆ ಸರ್ಕಾರದ ದುಡ್ಡು ಏನಾಯಿತು ಅನ್ನುವ ಸುದ್ದಿ ಬರೆಯಲು ತಾಲ್ಲೂಕು ಮಟ್ಟದಲ್ಲಿ ಅಂಕಿಯೇ ಸಿಗುವುದಿಲ್ಲ.

ಕೇಳಬೇಕಾದದ್ದು ಐದು

ಒಂದು: ಒಂದೇ ಸಲ ನಮೂದು. ಶಿಕ್ಷಕರು ಒಮ್ಮೆ ಬರೆದ ಅಂಕಿಯನ್ನು ಇಲಾಖೆ ಮತ್ತೆ ಕೇಳಬಾರದು.

ಎರಡು: ಪ್ರತಿ ಶಾಲೆಗೆ ಕನ್ನಡದಲ್ಲಿ ಒಂದು ಪುಟ. 11 ಅಂಕಿ ಒತ್ತಿದರೆ ಹಣ ಬಿಡುಗಡೆಯಾದ ತಾರೀಖು, ಬಾಬು, ಮೊತ್ತ, ಪಾವತಿ, ಉಳಿಕೆ ಕಾಣಬೇಕು. ಸಾಧಾರಣ ಫೋನಿನಲ್ಲಿ, ಲಾಗಿನ್ ಇಲ್ಲದೆ.

ಮೂರು: ಹಣ ಬಂದಾಗ, ಹೋದಾಗ ಎಸ್‌ಡಿಎಂಸಿಯ ಎಲ್ಲ ಸದಸ್ಯರಿಗೂ ಕನ್ನಡದಲ್ಲಿ ಎಸ್‌ಎಂಎಸ್. ಅಧ್ಯಕ್ಷರೊಬ್ಬರಿಗೆ ಸಾಲದು. ಎಟಿಎಂನಿಂದ ನೂರು ರೂಪಾಯಿ ತೆಗೆದರೆ ಬ್ಯಾಂಕು ಮೆಸೇಜ್ ಕಳಿಸುತ್ತದೆ. ಶಾಲೆಗೆ ಯಾಕೆ ಆಗುವುದಿಲ್ಲ?

ನಾಲ್ಕು: ಎಲ್ಲ ಮೂಲದ ಹಣ ಒಂದೇ ಹಾಳೆಯಲ್ಲಿ. ಸಮಗ್ರ ಶಿಕ್ಷಣ, ಬಿಸಿಯೂಟ, ಪಂಚಾಯಿತಿ, ಶಾಸಕರ ನಿಧಿ, ಕಟ್ಟಡದ ಅಂದಾಜು ಮತ್ತು ಗುತ್ತಿಗೆದಾರ, ದಾನಿಗಳು.

ಐದು: ಮೂರು ತಿಂಗಳಿಗೊಮ್ಮೆ ಆ ಹಾಳೆ ಶಾಲೆಯ ಗೋಡೆ ಮೇಲೆ ಬರಬೇಕು, ಗ್ರಾಮಸಭೆಯಲ್ಲಿ ಓದಬೇಕು. ಮಕ್ಕಳ ಗ್ರಾಮಸಭೆಯಲ್ಲೂ ಓದಬೇಕು. ಏಳನೇ ಕ್ಲಾಸಿನ ಹುಡುಗಿಗೆ ಕೂಡುವ ಕಳೆಯುವ ಲೆಕ್ಕ ಬರುತ್ತದೆ. ತನ್ನ ಶಾಲೆಯ ಲೆಕ್ಕವನ್ನೇ ಅವಳು ಓದಲಿ.

ಸರ್ಕಾರ ಮಾಡುವವರೆಗೆ ಕಾಯಬೇಡಿ

ಈ ತಿಂಗಳ ಎಸ್‌ಡಿಎಂಸಿ ಸಭೆಗೆ ಇಬ್ಬರು ಮೂವರು ಪೋಷಕರು ಜೊತೆಯಾಗಿ ಹೋಗಿ. ಜಗಳದ ದನಿ ಬೇಡ. ಮುಖ್ಯ ಶಿಕ್ಷಕರನ್ನು ಕಟಕಟೆಗೆ ನಿಲ್ಲಿಸುವುದೂ ಬೇಡ, ಅನೇಕರು ನಿಮಗಿಂತ ಹೆಚ್ಚು ಬೇಸತ್ತಿದ್ದಾರೆ. ಈ ವರ್ಷ ಯಾವ ಯಾವ ಬಾಬಿಗೆ ಎಷ್ಟು ಮಿತಿ ಬಂದಿದೆ, ಯಾವ ತಾರೀಖಿಗೆ ಬಂತು ಅಂತ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಓದಿಸಿ ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ, ಖಾಲಿ ಪಾವತಿ ಪತ್ರಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ₹10 ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಬಿಇಒ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಡಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ಕಳಿಸುವುದು ಅವರ ಕೆಲಸ. 30 ದಿನದಲ್ಲಿ ಉತ್ತರ ಬರಬೇಕು.

ಉತ್ತರ ಬಂದ ದಿನ ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಒಂದು ಡ್ರಾಯಿಂಗ್ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಶಾಲೆಯ ಗೇಟಿನ ಪಕ್ಕ, ಡೇರಿಯ ಬಾಗಿಲಲ್ಲಿ, ಗುಡಿ ಕಟ್ಟೆಯ ಹತ್ತಿರ ಅಂಟಿಸಿ. ಊರಿನ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿ. ರಾಜ್ಯದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ. ಪ್ರತಿ ತಾಲ್ಲೂಕಿನಲ್ಲಿ ಹತ್ತು ಊರು ಇಷ್ಟು ಮಾಡಿದರೂ ಇಲಾಖೆಗೆ ತಾನೇ ಪ್ರಕಟಿಸುವುದು ಸುಲಭ ಅನ್ನಿಸಲು ಶುರುವಾಗುತ್ತದೆ.